ಸಹಾಯ ಬೇಕು: ಕೂದಲಿಗೆ ಕೆಂಪು ಬೆಳಕಿನ ಟೋಪಿ ಯಾರಾದ್ರೂ ಬಳಸಿದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ. ಜೂನ್‌ನಿಂದ ಇಲ್ಲಿ ಬಿಸಿಲೇ ಇಲ್ಲ, ಬರೀ ಮಳೆ, ಮಂಜು, ಮಧ್ಯಾಹ್ನ ಮೂರಕ್ಕೇ ಅಡುಗೆಮನೆಗೆ ಲೈಟ್ ಹಾಕಬೇಕು, ಮನಸ್ಸೂ ಹಾಗೇ ಮಂಕು. ಜೊತೆಗೆ ನೆತ್ತಿಯಲ್ಲಿ ಕೂದಲು ತೆಳುವಾಗುತ್ತಿದೆ. ಅತ್ತೆ ನೀರು ಬದಲಾಗಿದ್ದಕ್ಕೆ ಅಂತಾರೆ. ಮದುವೆಯಾಗಿ ಹತ್ತು ವರ್ಷ ಆಯ್ತು, ಈಗ ನೀರು ಬದಲಾಯ್ತಾ!

ಒಳಗಿನ ಕೆಂಪು ಬೆಳಕಿನಿಂದ ಕೂದಲು ಬೆಳೆಸುತ್ತೆ ಅನ್ನೋ ಈ ಟೋಪಿ ಸುಮ್ನೆ ಕಥೆ ಅಂದುಕೊಂಡಿದ್ದೆ. ಆದರೆ 1967ರಲ್ಲಿ ಹಂಗೇರಿಯ ಎಂಡ್ರೆ ಮೆಸ್ಟರ್ ಎಂಬ ಡಾಕ್ಟರ್ ಇಲಿಗಳ ಮೈ ಬೋಳಿಸಿ ಲೇಸರ್ ಬಿಟ್ಟು ನೋಡಿದಾಗ ಅಲ್ಲಿ ಕೂದಲು ಬೇಗ ಬಂತಂತೆ. 2007ರಲ್ಲಿ ಅಮೆರಿಕದ ಎಫ್‌ಡಿಎ (ಔಷಧಿ, ವೈದ್ಯಕೀಯ ಸಾಧನಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಇಂಥದೇ ಲೇಸರ್ ಬಾಚಣಿಗೆಯ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿದೆ. ಬೇಕಿರೋದು ಸುಮಾರು 650 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಬಣ್ಣ ತಿಳಿಸುವ ಅಳತೆ) ಕೆಂಪು ಬೆಳಕು, ಅದೂ ತಿಂಗಳುಗಟ್ಟಲೆ ಬಿಡದೆ. ನಮ್ಮ ಯಜಮಾನರು ದೇವರ ಮನೆಯ ಕೆಂಪು ಜೀರೋ ಬಲ್ಬ್ ಕೆಳಗೆ ಕೂತ್ಕೋ ಅಂತ ನಗ್ತಾರೆ.

ಬಳಸಿದವರು ನಿಜ ಹೇಳಿ, ಎಷ್ಟು ತಿಂಗಳಿಗೆ ಗೊತ್ತಾಯ್ತು? ನಿಲ್ಲಿಸಿದ ಮೇಲೆ ಮತ್ತೆ ಉದುರಿತಾ? ಮೊದಲು ಥೈರಾಯ್ಡ್, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸೋದು ಒಳ್ಳೇದು ಅಲ್ವಾ? ಹಾಸನ ಅಥವಾ ಚಿಕ್ಕಮಗಳೂರಲ್ಲಿ ಸಮಾಧಾನವಾಗಿ ಮಾತಾಡುವ ಚರ್ಮದ ಡಾಕ್ಟರ್ ಇದ್ದರೆ ತಿಳಿಸಿ. ಒಬ್ಬರ ಹತ್ತಿರ ಹೋಗಿದ್ದೆ, ತಲೆ ಕೂಡ ನೋಡದೆ ಶಾಂಪೂ ಬರೆದುಕೊಟ್ಟರು.

ಇನ್ನೊಂದು. ಮಂಕು ಕಳೆಯೋಕೆ ಕೆಂಪು ಅಲ್ಲ, ಬೆಳಿಗ್ಗೆ 10,000 ಲಕ್ಸ್‌ನ (ಲಕ್ಸ್ ಅಂದ್ರೆ ಬೆಳಕು ಎಷ್ಟು ಪ್ರಖರ ಅನ್ನೋ ಅಳತೆ) ಬಿಳಿ ದೀಪದ ಮುಂದೆ ಅರ್ಧ ಗಂಟೆ ಕೂರಬೇಕಂತೆ. ಮಳೆಗಾಲದಲ್ಲಿ ಹಾಗೆ ಮಾಡಿದವರು ಇದ್ದೀರಾ? ರಾತ್ರಿ ಮೊಬೈಲಿನ ನೀಲಿ ಬೆಳಕು ನಿದ್ದೆ ಕೆಡಿಸುತ್ತೆ ಅಂತ ಗೊತ್ತು, ಆದ್ರೂ ಇದನ್ನ ಬರೀತಿರೋದು ಹನ್ನೊಂದೂವರೆಗೆ.