ಮೂರು ವರ್ಷದ ಮಗಳಿಗೆ ಸೀಸದ ಪರೀಕ್ಷೆ: ಕೂದಲು, ಮೂತ್ರ, ರಕ್ತ, ಇವುಗಳಲ್ಲಿ ಯಾವುದು ಸರಿ?

ಪ್ರಶ್ನೆ: ಮಗುವಿನ ತಾಯಿ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಾವು ಉದ್ಯಮಬಾಗದ ಸಮೀಪ ವಾಸವಾಗಿದ್ದೇವೆ. ನಮ್ಮ ಯಜಮಾನರು ಹಳೆಯ ಬ್ಯಾಟರಿಗಳನ್ನು ಬಿಚ್ಚಿ ಪ್ಲೇಟು ಬದಲಿಸುವ ಕೆಲಸ ಮಾಡುತ್ತಾರೆ. ಅಂಗಡಿಯಲ್ಲಿ ಮುಗಿಯದ ಕೆಲಸವನ್ನು ಕೆಲವೊಮ್ಮೆ ಮನೆಯ ಹಿತ್ತಲಿಗೂ ತರುತ್ತಾರೆ. ಮೂರು ವರ್ಷದ ಮಗಳಿಗೆ ಮಣ್ಣು ತಿನ್ನುವ ಅಭ್ಯಾಸವಿದೆ. ಹಿಮೋಗ್ಲೋಬಿನ್ 9 ಬಂದಿದೆ, ಆಗಾಗ ಹೊಟ್ಟೆನೋವು ಎನ್ನುತ್ತಾಳೆ. ವೈದ್ಯರು ಜಂತುಹುಳುವಿನ ಔಷಧಿಯನ್ನೂ ಕಬ್ಬಿಣಾಂಶದ ಸಿರಪ್ಪನ್ನೂ ಬರೆದುಕೊಟ್ಟು, ಸೀಸದ ಪರೀಕ್ಷೆಯನ್ನೂ ಮಾಡಿಸಿದರೆ ಒಳ್ಳೆಯದು ಎಂದಿದ್ದಾರೆ. ವಿಚಾರಿಸಿದಾಗ ಒಬ್ಬರು ಕೂದಲಿನಿಂದ ಇಪ್ಪತ್ತಕ್ಕೂ ಹೆಚ್ಚು ಲೋಹಗಳನ್ನು ಒಮ್ಮೆಗೇ ಅಳೆಯುವ ಪ್ಯಾಕೇಜು ಉತ್ತಮವೆಂದರು. ಇನ್ನೊಬ್ಬರು ಮೊದಲು ಲೋಹವನ್ನು ಹೊರಗೆಳೆಯುವ ಔಷಧಿ ಕೊಟ್ಟು, ಆಮೇಲೆ ಮೂತ್ರ ಪರೀಕ್ಷಿಸಬೇಕೆಂದರು. ಅಷ್ಟು ಸಣ್ಣ ಮಗುವಿನ ರಕ್ತ ತೆಗೆಸುವುದು ಬೇಡವೆಂದು ಅತ್ತೆಯವರು ಹೇಳುತ್ತಿರುವುದರಿಂದ ಮನಸ್ಸು ಕೂದಲಿನ ಪರೀಕ್ಷೆಯ ಕಡೆಗೆ ವಾಲಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಮಕ್ಕಳ ವೈದ್ಯ, ವಿಜಯಪುರ

ನಮಸ್ಕಾರ ಅಮ್ಮಾ. ಯಾವ ಲೋಹದ ಸಂಶಯವಿದೆ, ಅದು ಎಲ್ಲಿಂದ ಬರುತ್ತಿರಬಹುದು ಎಂಬುದು ಮೊದಲು ಸ್ಪಷ್ಟವಾಗಬೇಕು. ಪರೀಕ್ಷೆಯ ಆಯ್ಕೆ ಅದರ ನಂತರದ್ದು. ನಿಮ್ಮ ವಿಷಯದಲ್ಲಿ ಅದು ಈಗಾಗಲೇ ಸ್ಪಷ್ಟವಾಗಿದೆ. ಬ್ಯಾಟರಿಯ ಪ್ಲೇಟುಗಳೆಂದರೆ ಸೀಸ. ಹಿತ್ತಲಿನ ಮಣ್ಣಿನಲ್ಲಿ ಸೀಸದ ಪುಡಿ ಬೆರೆತಿದ್ದು, ಆ ಮಣ್ಣನ್ನು ಮಗು ತಿನ್ನುತ್ತಿದ್ದರೆ ಅದು ದೇಹ ಸೇರುವುದಕ್ಕೆ ಬೇರೆ ದಾರಿಯೇ ಬೇಕಾಗಿಲ್ಲ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೆ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಸಣ್ಣ ಮಕ್ಕಳ ದೇಹ ಹೀರಿಕೊಳ್ಳಬಲ್ಲದು, ಕಬ್ಬಿಣಾಂಶದ ಕೊರತೆಯಿದ್ದರೆ ಅದು ಮತ್ತಷ್ಟು ಹೆಚ್ಚುತ್ತದೆ. ಆದ್ದರಿಂದ ನಿಮ್ಮ ಮಗಳಿಗೆ ಬೇಕಾದದ್ದು ಒಂದೇ ಪರೀಕ್ಷೆ: ಕೈಯ ರಕ್ತನಾಳದಿಂದ ತೆಗೆದ ರಕ್ತದಲ್ಲಿ ಸೀಸದ ಪ್ರಮಾಣ.

ಕೂದಲಿನ ಪರೀಕ್ಷೆಯನ್ನು ಖಂಡಿತ ಬೇಡವೆನ್ನುತ್ತೇನೆ. ಕೂದಲಿನ ಮೇಲೆ ಹೊರಗಿನಿಂದ ಕುಳಿತ ಧೂಳಿನ ಲೋಹವನ್ನೂ ದೇಹದೊಳಗಿನಿಂದ ಬಂದ ಲೋಹವನ್ನೂ ಆ ಪರೀಕ್ಷೆ ಬೇರ್ಪಡಿಸಲಾರದು, ಮತ್ತು ಒಂದೇ ತಲೆಯ ಕೂದಲಿಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಅಂಕಿ ಕೊಡುವುದುಂಟು. ಬ್ಯಾಟರಿ ಧೂಳಿರುವ ಮನೆಯಲ್ಲಂತೂ ಅದರ ಫಲಿತಾಂಶದಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಔಷಧಿ ಕೊಟ್ಟು ಮೂತ್ರ ಪರೀಕ್ಷಿಸುವ ಕ್ರಮ ಇನ್ನೂ ಕೆಟ್ಟದ್ದು. ಲೋಹವನ್ನು ಹಿಡಿದು ಹೊರಹಾಕುವ ಔಷಧಿ ಕೊಟ್ಟಾಗ ಆರೋಗ್ಯವಂತರ ಮೂತ್ರದಲ್ಲಿಯೂ ಲೋಹ ಹೆಚ್ಚಾಗಿಯೇ ಕಾಣುತ್ತದೆ. ಆ ಅಂಕಿಯನ್ನು ಹೋಲಿಸಿ ನೋಡಲು ಒಪ್ಪಿತವಾದ ಮಿತಿಯೇ ಇಲ್ಲ. ಅಮೆರಿಕದ ವೈದ್ಯಕೀಯ ವಿಷಶಾಸ್ತ್ರಜ್ಞರ ಸಂಘವೂ ಇದನ್ನು ತಿರಸ್ಕರಿಸಿದೆ. ಇಂಥ ಔಷಧಿಗಳು ಮಕ್ಕಳಿಗೆ ಸಣ್ಣ ಸಂಗತಿಯಲ್ಲ. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಐದು ವರ್ಷದ ಬಾಲಕನೊಬ್ಬ ಈ ಗುಂಪಿನ ಔಷಧಿಯೊಂದನ್ನು ರಕ್ತನಾಳಕ್ಕೆ ಕೊಟ್ಟಾಗ ಕ್ಯಾಲ್ಸಿಯಂ ಕುಸಿದು ತೀರಿಕೊಂಡ. ಪರೀಕ್ಷೆಯ ಸಲುವಾಗಿ ಅದನ್ನು ಯಾರು ಕೊಡಲು ಬಂದರೂ ಒಪ್ಪಬೇಡಿ.

ಮೂತ್ರ ಪರೀಕ್ಷೆಗೆ ಅದರದೇ ಜಾಗವಿದೆ ಎಂಬುದನ್ನೂ ಹೇಳಬೇಕು. ಆರ್ಸೆನಿಕ್ ರಕ್ತದಲ್ಲಿ ಕೆಲವೇ ಗಂಟೆ ಉಳಿಯುವುದರಿಂದ ಅದನ್ನು ಮೂತ್ರದಲ್ಲಿಯೇ ನೋಡಬೇಕು, ಅದಕ್ಕೆ ಮುಂಚಿನ ಮೂರರಿಂದ ಐದು ದಿನ ಸಮುದ್ರದ ಮೀನು, ಸಿಗಡಿ ತಿಂದಿರಬಾರದು. ಒಡೆದ ಥರ್ಮಾಮೀಟರಿನ ಪಾದರಸದ ಆವಿಗೆ ಒಳಗಾಗಿದ್ದರೂ ಮೂತ್ರವೇ. ಮೀನಿನಿಂದ ಬರುವ ಪಾದರಸಕ್ಕಾದರೆ ರಕ್ತ. ಹೀಗೆ ಲೋಹಕ್ಕೊಂದು ನಿಯಮ ಇರುವುದರಿಂದಲೇ ಎಲ್ಲವನ್ನೂ ಒಂದೇ ಮಾದರಿಯಲ್ಲಿ ಅಳೆಯುತ್ತೇವೆ ಎನ್ನುವ ಪ್ಯಾಕೇಜನ್ನು ನಂಬಲಾಗದು. ಆರ್ಸೆನಿಕ್ಕಿನ ತೊಂದರೆ ಯಾದಗಿರಿ, ರಾಯಚೂರು ಕಡೆಯ ಚಿನ್ನದ ಅದಿರಿನ ಪಟ್ಟಿಯ ಕೆಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಕಂಡಿದೆ. ನಮ್ಮ ವಿಜಯಪುರ, ಬಾಗಲಕೋಟೆ ಭಾಗದ ನೀರಿನ ಚಿಂತೆ ಹೆಚ್ಚಾಗಿ ಫ್ಲೋರೈಡಿನದು; ಅದು ಲೋಹವಲ್ಲ, ಲೋಹದ ಪರೀಕ್ಷೆಯಲ್ಲಿ ಸಿಗುವುದೂ ಇಲ್ಲ.

ಉತ್ತರ: ಪ್ರಯೋಗಾಲಯ ತಂತ್ರಜ್ಞ, ಬಾಗಲಕೋಟೆ

ಅಕ್ಕಾವರೇ, ವೈದ್ಯರ ಮಾತಿಗೆ ರಕ್ತ ತೆಗೆಯುವ ಕಡೆಯ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಬೆರಳ ತುದಿಯನ್ನು ಚುಚ್ಚಿ ಮಾಡುವ ಪರೀಕ್ಷೆಯೂ ಇದೆ, ಆದರೆ ಚರ್ಮದ ಮೇಲೆ ಅಂಟಿದ ಧೂಳು ಆ ಒಂದು ಹನಿಯಲ್ಲಿ ಬೆರೆತು ಅಂಕಿ ಸುಳ್ಳಾಗಿ ಏರಬಹುದು. ಹೆಚ್ಚು ಬಂದರೆ ಮತ್ತೆ ರಕ್ತನಾಳದಿಂದಲೇ ತೆಗೆದು ಖಚಿತಪಡಿಸಬೇಕಾಗುತ್ತದೆ. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಮೊದಲಿಗೇ ರಕ್ತನಾಳದಿಂದ ತೆಗೆಸಿದರೆ ಮಗುವಿಗೆ ಎರಡು ಸಲ ನೋವು ತಪ್ಪುತ್ತದೆ. ಬೇಕಾಗುವುದು ಎರಡು ಮೂರು ಮಿಲಿಲೀಟರ್ ರಕ್ತ ಮಾತ್ರ ಎಂದು ಅತ್ತೆಯವರಿಗೆ ಧೈರ್ಯ ಹೇಳಿ. ಉಪವಾಸವೂ ಬೇಕಿಲ್ಲ. ಹೋಗುವ ಮುನ್ನ ಕೈಗಳನ್ನು ಸಾಬೂನಿನಿಂದ ಚೆನ್ನಾಗಿ ತೊಳೆದು, ಒಗೆದ ಬಟ್ಟೆ ಹಾಕಿಸಿ.

ಹೋದಲ್ಲಿ ಮೂರು ವಿಷಯಗಳನ್ನು ಕೇಳಿ: ಲೋಹದ ಪರೀಕ್ಷೆಗೆಂದೇ ಇರುವ ಕಡುನೀಲಿ ಮುಚ್ಚಳದ, ಅಥವಾ ಸೀಸಮುಕ್ತವೆಂದು ದೃಢಪಟ್ಟ ಟ್ಯೂಬನ್ನು ಬಳಸುತ್ತಾರೆಯೇ, ಮಾದರಿಯನ್ನು ಕಳುಹಿಸುವ ಪ್ರಯೋಗಾಲಯಕ್ಕೆ ಸೀಸದ ಪರೀಕ್ಷೆಗೆ ಎನ್‌ಎಬಿಎಲ್ (ಪ್ರಯೋಗಾಲಯಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ವರದಿ ಯಾವ ಅಳತೆಯಲ್ಲಿ ಬರುತ್ತದೆ. ಕೊನೆಯದು ಬಹಳ ಮುಖ್ಯ. ಕೆಲವರು ಡೆಸಿಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ಬರೆದರೆ, ಕೆಲವರು ಲೀಟರಿಗೆ ಎಂದು ಬರೆಯುತ್ತಾರೆ, ಡೆಸಿಲೀಟರಿಗೆ 3.5 ಎಂದರೂ ಲೀಟರಿಗೆ 35 ಎಂದರೂ ಒಂದೇ. ಇದನ್ನು ಗಮನಿಸದೆ ಹೆದರಿದವರನ್ನೂ ನಿಶ್ಚಿಂತರಾದವರನ್ನೂ ನೋಡಿದ್ದೇನೆ. ಎರಡನೆಯ ಸಲ ಪರೀಕ್ಷಿಸುವಾಗ ಅದೇ ಪ್ರಯೋಗಾಲಯಕ್ಕೆ ಕೊಟ್ಟರೆ ಏರಿಳಿತವನ್ನು ಹೋಲಿಸುವುದು ಸುಲಭ.

ಉತ್ತರ: ಕಾರ್ಖಾನೆಯ ಸುರಕ್ಷತಾ ಮೇಲ್ವಿಚಾರಕ, ಬೆಳಗಾವಿ

ತಂಗೀ, ವರದಿ ಬರುವವರೆಗೆ ಕಾಯದೆ ಇಂದೇ ಮಾಡಬೇಕಾದ ಕೆಲಸವಿದೆ. ಬ್ಯಾಟರಿ ಬಿಚ್ಚುವ ಕೆಲಸ ಮನೆಯ ಹಿತ್ತಲಿಗೆ ಬರಲೇಬಾರದು. ಯಜಮಾನರು ಅಂಗಡಿಯಲ್ಲಿಯೇ ಕೈಕಾಲು ಮುಖ ತೊಳೆದು, ಬಟ್ಟೆ ಮತ್ತು ಚಪ್ಪಲಿ ಬದಲಿಸಿ ಬರಲಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯೊಂದಿಗೆ ಒಗೆಯಬೇಡಿ. ಒಣ ಕಸಬರಿಗೆಯಿಂದ ಗುಡಿಸಿದರೆ ಧೂಳು ಎದ್ದು ಮತ್ತೆ ಅಲ್ಲಿಯೇ ಕೂರುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ. ಹಿತ್ತಲಿಗೆ ಮಗು ಹೋಗದಂತೆ ಬೇಲಿ ಕಟ್ಟಿ, ಸಾಧ್ಯವಾದರೆ ಆ ಜಾಗಕ್ಕೆ ಫರಸಿ ಹಾಸಿಸಿ. ಯಜಮಾನರ ರಕ್ತವನ್ನೂ ಪರೀಕ್ಷಿಸಿ, ಮತ್ತೊಂದು ಮಗು ಇದ್ದರೆ ಅದರದನ್ನೂ. ನೀವು ಗರ್ಭಿಣಿಯಾಗಿದ್ದರೆ ನಿಮ್ಮದನ್ನು ಖಂಡಿತ ಮಾಡಿಸಬೇಕು, ಏಕೆಂದರೆ ಸೀಸ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ.

ಪ್ರಶ್ನೆ ಕೇಳಿದವರು

ನಿಮ್ಮೆಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅತ್ತೆಯವರಿಗೆ ಇದನ್ನೆಲ್ಲ ಓದಿ ಹೇಳಿದೆ, ರಕ್ತ ಕೊಡಿಸಲು ಒಪ್ಪಿದ್ದಾರೆ. ಡಾಕ್ಟರರೇ, ಎಷ್ಟು ಬಂದರೆ ಚಿಂತಿಸಬೇಕು? ಪರೀಕ್ಷೆಗಾಗಿ ಸಿರಪ್ ನಿಲ್ಲಿಸಬೇಕೇ?

ಉತ್ತರ: ಮಕ್ಕಳ ವೈದ್ಯ, ವಿಜಯಪುರ

ಸಿರಪ್ ನಿಲ್ಲಿಸಬೇಡಿ, ಕಬ್ಬಿಣಾಂಶ ತುಂಬಿದಷ್ಟೂ ಸೀಸ ಹೀರುವುದು ಕಡಿಮೆಯಾಗುತ್ತದೆ. ಅದನ್ನು ಚಹಾದ ಜೊತೆ ಕೊಡದೆ, ಲಿಂಬೆ ಪಾನಕದ ಜೊತೆ ಕೊಡಿ.

ಸೀಸಕ್ಕೆ ಸುರಕ್ಷಿತವೆನ್ನುವ ಮಟ್ಟ ತಿಳಿದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2021ರಿಂದ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ದಾಟಿದರೆ ಗಮನಿಸಬೇಕೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 5 ಅಥವಾ ಅದಕ್ಕಿಂತ ಹೆಚ್ಚಾದರೆ ಮೂಲವನ್ನು ಹುಡುಕಿ ತೆಗೆಯಬೇಕೆನ್ನುತ್ತದೆ. ಲೋಹ ಹೊರಹಾಕುವ ಔಷಧಿಯ ಮಾತು ಸಾಮಾನ್ಯವಾಗಿ ಬರುವುದು 45ರ ಮೇಲೆ, ಅದೂ ದೊಡ್ಡ ಆಸ್ಪತ್ರೆಯಲ್ಲಿ. 45ಕ್ಕೆ ಮುಟ್ಟಿದ ವರದಿ ಬಂದರೆ, ಅಥವಾ ಮಗು ಪದೇ ಪದೇ ವಾಂತಿ ಮಾಡಿದರೆ, ಮಂಕಾದರೆ, ಸೆಳೆತ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಮಣ್ಣಿನೊಂದಿಗೆ ಸೀಸದ ಚೂರು ನುಂಗಿದ ಸಂಶಯವಿದ್ದರೆ ಹೊಟ್ಟೆಯ ಎಕ್ಸ್‌ರೇ ಕೂಡ ಬೇಕಾಗಬಹುದು.

ಮಧ್ಯದ ಅಂಕಿಗಳಿಗೆ ಚಿಕಿತ್ಸೆಯೆಂದರೆ ಮೂಲವನ್ನು ತಡೆಯುವುದೇ. ರಕ್ತದ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆಯಾದರೂ ಎಲುಬಿನಲ್ಲಿ ಸೇರಿದ್ದು ವರ್ಷಗಟ್ಟಲೆ ಉಳಿದು ನಿಧಾನವಾಗಿ ರಕ್ತಕ್ಕೆ ಮರಳುತ್ತದೆ, ಹೀಗಾಗಿ ಇಳಿಕೆ ನಿಧಾನವಾದರೆ ಎದೆಗುಂದಬೇಡಿ. 10ರೊಳಗಿದ್ದರೆ ಮೂರು ತಿಂಗಳಿಗೆ, 10ರಿಂದ 19ರವರೆಗಿದ್ದರೆ ಒಂದರಿಂದ ಮೂರು ತಿಂಗಳೊಳಗೆ, 20 ದಾಟಿದ್ದರೆ ಎರಡು ವಾರದಿಂದ ಒಂದು ತಿಂಗಳೊಳಗೆ ಮತ್ತೆ ರಕ್ತ ಪರೀಕ್ಷಿಸಿ. ಹಿತ್ತಲನ್ನು ಸರಿಪಡಿಸಿದ ಮೇಲೂ ಅಂಕಿ ಇಳಿಯದಿದ್ದರೆ ಮಗುವಿನ ಕಣ್ಣಿಗೆ ಹಚ್ಚುವ ಕಾಡಿಗೆ, ಬಿಡಿಯಾಗಿ ಕೊಂಡ ಅರಿಶಿನ ಪುಡಿ, ಕಲಾಯಿ ಮಾಡಿಸಿದ ಪಾತ್ರೆ, ಯಾರಾದರೂ ಕೊಟ್ಟ ಭಸ್ಮ, ಇವುಗಳನ್ನು ಒಂದೊಂದಾಗಿ ನೋಡಬೇಕಾಗುತ್ತದೆ. ವರದಿಯೊಂದಿಗೆ ಆ ಪಟ್ಟಿಯನ್ನೂ ಬರೆದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ.