ಅಮ್ಮನ ಜೊತೆ ಇಟಾಲಿಯನ್ ಊಟ: ಏನು ಆರ್ಡರ್ ಮಾಡಲಿ?

ಬಸವನಗುಡಿಯವಳು: ಅಮ್ಮನಿಗೆ ಪಾಸ್ತಾ ತಿನ್ನೋ ಆಸೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಯುಬಿ ಸಿಟಿ ಕಡೆ ಹೋಗೋಣ ಅಂದುಕೊಂಡಿದ್ದೇನೆ. ಅವರಿಗೆ ಯಾವುದು ಹಿಡಿಸಬಹುದು?

ಅಡುಗೆಪ್ರಿಯ: ಪೆನ್ನೆ (ಕೊಳವೆಯಂಥ ಪಾಸ್ತಾ) ಅರಾಬಿಯಾಟಾ ಹೇಳಿ, ಕಣ್ಣುಮುಚ್ಚಿ. ಟೊಮ್ಯಾಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಆಲಿವ್ ಎಣ್ಣೆ. ನಮ್ಮ ನಾಲಿಗೆಗೆ ಒಗ್ಗುವ ಖಾರ. ಒಣ ಪೆನ್ನೆಗೆ ಸಾಮಾನ್ಯವಾಗಿ ಗೋಧಿ ರವೆ, ನೀರು ಅಷ್ಟೇ. ಅಲ್ಲೇ ಲಟ್ಟಿಸಿದ ರವಿಯೋಲಿ (ಹೂರಣ ತುಂಬಿದ ಪಾಸ್ತಾ) ಹಿಟ್ಟಿಗೆ ಮೊಟ್ಟೆ ಹಾಕಿರಬಹುದು, ಕೇಳಿಕೊಳ್ಳಿ. ಚೀಸ್ ಬಗ್ಗೆ ಮಾತ್ರ ಮರೆಯಬೇಡಿ. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಕಿಣ್ವ ಬಳಸುತ್ತಾರೆ. ಪೆಸ್ಟೋ ಅನ್ನೋ ಬೇಸಿಲ್ ಸೊಪ್ಪಿನ ಸಾಸ್‌ನಲ್ಲೂ ಅದೇ ಚೀಸ್ ಇರಬಹುದು.

ಮಲ್ಲೇಶ್ವರಂ ಹುಡುಗ: ಪಾಸ್ತಾ ಸ್ವಲ್ಪ ಜಾಸ್ತಿ ಬೇಯಿಸಿ ಅಂತ ಮೊದಲೇ ಹೇಳಿ. ಇಲ್ಲದಿದ್ದರೆ ನಡುವೆ ಗಟ್ಟಿಯಾಗಿರುತ್ತದೆ, ವಯಸ್ಸಾದವರಿಗೆ ಅಗಿಯಲು ಕಷ್ಟ ಅಲ್ವಾ?

ಬಸವನಗುಡಿಯವಳು: ರೆನೆಟ್ ವಿಷಯ ಗೊತ್ತೇ ಇರಲಿಲ್ಲ. ಇವತ್ತೇ ಫೋನ್ ಮಾಡಿ ವಿಚಾರಿಸುತ್ತೇನೆ. ತುಂಬಾ ಥ್ಯಾಂಕ್ಸ್!