ಗನ್ ಕಾರ್ಡಿನಲ್ಲಿ ಒಂದು ಡ್ಯಾಮೇಜ್, ಶತ್ರುವಿಗೆ ಬೀಳೋದು ಇನ್ನೊಂದು: ಲೆಕ್ಕ ಹೇಗೆ?

ಮದ್ದಿನಮನೆ (ಪ್ರಶ್ನೆ):
ನಾನಾಡುವ ಶೂಟಿಂಗ್ ವಿಡಿಯೋ ಗೇಮಿನಲ್ಲಿ ಎರಡು ರೈಫಲ್‌ಗಳಲ್ಲಿ ಒಂದನ್ನು ಆರಿಸಬೇಕು. ಮೊದಲನೆಯದು: ಗುಂಡಿಗೆ 90 ಡ್ಯಾಮೇಜ್, ನಿಮಿಷಕ್ಕೆ 600 ಗುಂಡು, ಮ್ಯಾಗಜಿನ್ 30, ರೀಲೋಡ್ 2.4 ಸೆಕೆಂಡ್. ಎರಡನೆಯದು: ಡ್ಯಾಮೇಜ್ 150, ನಿಮಿಷಕ್ಕೆ 300, ಮ್ಯಾಗಜಿನ್ 24, ರೀಲೋಡ್ 1.8. ಕಾರ್ಡಿನಲ್ಲಿ (ಆಟ ಗನ್ನಿನ ವಿವರ ತೋರಿಸುವ ಚೌಕ) ಮೊದಲನೆಯದರ ಡಿಪಿಎಸ್ಸೇ (ಸೆಕೆಂಡಿಗೆ ಎಷ್ಟು ಡ್ಯಾಮೇಜ್ ಎಂಬುದು) ಜಾಸ್ತಿ, ಆದರೆ ಆರ್ಮರ್ (ಕವಚ) ಇರುವ ಶತ್ರುಗಳು ಎರಡನೆಯದಕ್ಕೇ ಬೇಗ ಬೀಳುತ್ತಾರೆ. ಜೊತೆಗೆ 10% ವೆಪನ್ ಡ್ಯಾಮೇಜ್ ಇರುವ ಗ್ಲೌಸ್ ಹಾಕಿದರೆ ಏರುವುದು ಬರೀ 5%. ಉಳಿದರ್ಧ ಎಲ್ಲಿ ಹೋಗುತ್ತದೆ?

ಹತ್ತನೇಗುಂಡು:
ಮೊದಲು ಡಿಪಿಎಸ್. ಕಾರ್ಡಿನ ಅಂಕಿ ಎಂದರೆ ಡ್ಯಾಮೇಜ್ × ನಿಮಿಷದ ಗುಂಡು ÷ 60, ಅಷ್ಟೇ. ಮೊದಲನೆಯದಕ್ಕೆ 900, ಎರಡನೆಯದಕ್ಕೆ 750. ಮ್ಯಾಗಜಿನ್ ಖಾಲಿಯೇ ಆಗುವುದಿಲ್ಲ ಎಂದುಕೊಂಡು ಮಾಡಿದ ಲೆಕ್ಕ ಇದು.

ರೀಲೋಡ್ ಸೇರಿಸಿ ನೋಡಿ. ಮೊದಲನೆಯದು 3 ಸೆಕೆಂಡಿನಲ್ಲಿ ಖಾಲಿ, ಮೇಲೆ 2.4 ರೀಲೋಡ್. 2,700 ಡ್ಯಾಮೇಜಿಗೆ 5.4 ಸೆಕೆಂಡ್, ಅಂದರೆ 500. ಎರಡನೆಯದು 3,600 ಡ್ಯಾಮೇಜಿಗೆ 4.8 + 1.8 = 6.6 ಸೆಕೆಂಡ್, ಅಂದರೆ 545. ಅಲ್ಲಿಗೆ ಆಟ ತಿರುಗಿತು.

ಆದರೂ ನಾನು ನಂಬುವುದು ಡಿಪಿಎಸ್ ಅನ್ನಲ್ಲ, ಶತ್ರು ಬೀಳಲು ಹಿಡಿಯುವ ಸಮಯವನ್ನು. ಅವನ ಹೆಲ್ತನ್ನು ಗುಂಡಿನ ಡ್ಯಾಮೇಜಿನಿಂದ ಭಾಗಿಸಿ, ಮೇಲಿನ ಪೂರ್ಣ ಸಂಖ್ಯೆ ತೆಗೆದುಕೊಂಡು, ಅದರಲ್ಲಿ ಒಂದು ಕಳೆದು (ಮೊದಲ ಗುಂಡಿಗೆ ಕಾಯಬೇಕಿಲ್ಲವಲ್ಲ), ಸೆಕೆಂಡಿನ ಗುಂಡುಗಳಿಂದ ಭಾಗಿಸಿ. 1,000 ಹೆಲ್ತಿಗೆ ಮೊದಲನೆಯದು 12 ಗುಂಡು, 1.1 ಸೆಕೆಂಡ್, ಎರಡನೆಯದು 7 ಗುಂಡು, 1.2 ಸೆಕೆಂಡ್. 3,000 ಹೆಲ್ತಿಗೆ ಮೊದಲನೆಯದಕ್ಕೆ 34 ಗುಂಡು ಬೇಕು, ನಡುವೆ ಒಂದು ರೀಲೋಡ್, ಒಟ್ಟು 5.7 ಸೆಕೆಂಡ್. ಎರಡನೆಯದು 20 ಗುಂಡಿನಲ್ಲಿ, 3.8 ಸೆಕೆಂಡಿಗೇ ಮುಗಿಸುತ್ತದೆ.

ಗುಂಡು ಅರ್ಧ ಹಾರುವುದಿಲ್ಲ ಎನ್ನುವುದನ್ನು ಬೋನಸ್ ಆರಿಸುವಾಗಲೂ ನೆನಪಿಡಿ. 1,000 ಹೆಲ್ತಿನವನ ಮೇಲೆ ಮೊದಲನೇ ರೈಫಲ್ಲಿಗೆ 2% ಬೋನಸ್ ಕೊಟ್ಟರೂ 11 ಗುಂಡು, 11% ಕೊಟ್ಟರೂ 11 ಗುಂಡು. 12% ಆದಾಗ ಮಾತ್ರ 10ಕ್ಕೆ ಇಳಿಯುತ್ತದೆ. ಆ ನಡುವಿನ 9% ಇವನ ಮೇಲೆ ದಂಡ.

ಗುಣಾಕಾರ:
ಗ್ಲೌಸಿನ ವಿಷಯ. ಒಂದೇ ಗುಂಪಿನ ಬೋನಸ್‌ಗಳು ಮೊದಲು ತಮ್ಮೊಳಗೆ ಕೂಡಿಕೊಳ್ಳುತ್ತವೆ, ಆಮೇಲೆ ಗುಂಪು ಗುಂಪು ಗುಣಿಸಿಕೊಳ್ಳುತ್ತವೆ. ನಿಮ್ಮ ಹತ್ತಿರ ಆಗಲೇ 100% ವೆಪನ್ ಡ್ಯಾಮೇಜ್ ಇದೆ ಅಂತ ಕಾಣುತ್ತದೆ. ಹಾಗಿದ್ದರೆ ಗ್ಲೌಸ್ ಗುಣಕವನ್ನು 2.0ರಿಂದ 2.1ಕ್ಕೆ ಏರಿಸುತ್ತದೆ. ಅದು 5%. ಅದೇ 10% ಖಾಲಿ ಗುಂಪಿಗೆ ಬಿದ್ದಿದ್ದರೆ ಪೂರ್ತಿ 10% ಸಿಗುತ್ತಿತ್ತು.

ದಿ ಡಿವಿಷನ್ 2 ಆಟ ನೋಡಿದರೆ ಇದು ಸ್ಪಷ್ಟ. ಅಲ್ಲಿ ರೈಫಲ್ ಡ್ಯಾಮೇಜ್ ಥರದ ಬೋನಸ್, ಎಲ್ಲ ಗನ್‌ಗಳ ಬೋನಸ್ ಎರಡೂ ಒಂದೇ ಗುಂಪು. ಕ್ರಿಟಿಕಲ್ (ಆಗೀಗ ಅದೃಷ್ಟದಿಂದ ಬೀಳುವ ಹೆಚ್ಚಿನ ಏಟು, ಚಿಕ್ಕದಾಗಿ ಕ್ರಿಟ್) ಮತ್ತು ಹೆಡ್‌ಶಾಟ್ ಸೇರಿ ಇನ್ನೊಂದು ಗುಂಪು: ಕ್ರಿಟ್ 100%, ಹೆಡ್‌ಶಾಟ್ 50% ಇದ್ದರೆ ಗುಣಕ 2.5, ಮೂರಲ್ಲ. ಆರ್ಮರ್ ಮೇಲಿನ ಡ್ಯಾಮೇಜ್ ಬೇರೆ ಗುಂಪು. 'ಆಂಪ್ಲಿಫೈಡ್' ಎಂದು ಬರೆದದ್ದು ತಾನೇ ಒಂದು ಗುಂಪು, ಅದಕ್ಕೇ ಅದು ಬೆಲೆಬಾಳುವುದು.

ಕ್ರಿಟ್ ಸರಾಸರಿ ಗುಣಕ: 1 + ಚಾನ್ಸ್ (ಕ್ರಿಟ್ ಬೀಳುವ ಸಾಧ್ಯತೆ) × ಕ್ರಿಟ್ ಡ್ಯಾಮೇಜ್. ಚಾನ್ಸ್ 30%, ಕ್ರಿಟ್ ಡ್ಯಾಮೇಜ್ 100% ಇದ್ದಾಗ ಗುಣಕ 1.3. ಇಲ್ಲಿ ಚಾನ್ಸ್‌ಗೆ 10 ಸೇರಿಸಿದರೆ 1.4, ಡ್ಯಾಮೇಜಿಗೆ 10 ಸೇರಿಸಿದರೆ ಬರೀ 1.33. ಹಾಗಾಗಿ ಮೊದಲು ಚಾನ್ಸ್ ಏರಿಸಿ. ಆದರೆ ಡಿವಿಷನ್ 2ರಲ್ಲಿ ಚಾನ್ಸ್‌ಗೆ 60% ಮಿತಿ ಇದೆ, ಅದರಾಚೆ ಹಾಕಿದ್ದೆಲ್ಲ ವ್ಯರ್ಥ.

ತೂತುಕವಚ:
ಆರ್ಮರ್ ಬಗ್ಗೆ ಯಾರೂ ಹೇಳಲಿಲ್ಲ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ಕೆಲವು ಆಟಗಳಲ್ಲಿ ಆರ್ಮರ್ ಕೂಡ ಇನ್ನೊಂದು ಹೆಲ್ತ್ ಪಟ್ಟಿ ಮಾತ್ರ. ಇನ್ನು ಕೆಲವದರಲ್ಲಿ ಅದು ಪ್ರತಿ ಗುಂಡನ್ನೂ ಬೇರೆ ಬೇರೆಯಾಗಿ ಕುಗ್ಗಿಸುತ್ತದೆ. ಅಲ್ಲಿ ಸಣ್ಣ ಗುಂಡಿಗೆ ಏಟು ಜಾಸ್ತಿ.

ಫಾಲೌಟ್ 4ರ ಸೂತ್ರ: ಡ್ಯಾಮೇಜ್ × 0.15 ÷ ರೆಸಿಸ್ಟೆನ್ಸ್ (ಆರ್ಮರಿನ ತಡೆಯುವ ಶಕ್ತಿ), ಬಂದದ್ದಕ್ಕೆ 0.365 ಘಾತ. ಡ್ಯಾಮೇಜಿನ ಅಷ್ಟು ಪಾಲು ಒಳಗೆ ಹೋಗುತ್ತದೆ, ಗರಿಷ್ಠ 0.99. ಡ್ಯಾಮೇಜ್ ಮತ್ತು ರೆಸಿಸ್ಟೆನ್ಸ್ ಸಮ ಇದ್ದರೆ ಹೆಚ್ಚುಕಡಿಮೆ ಅರ್ಧ. ನಿಮ್ಮ ಅಂಕಿಗಳನ್ನೇ 150 ರೆಸಿಸ್ಟೆನ್ಸ್ ಎದುರು ಹಾಕಿದೆ: 150ರ ಗುಂಡು 75 ಒಳಗೆ ಬಿಡುತ್ತದೆ, 90ರದ್ದು 37 ಚಿಲ್ಲರೆ. ಕಾರ್ಡಿನ 900 ಮತ್ತು 750 ಹೋಗಿ 374 ಮತ್ತು 375 ಆದವು! ರೀಲೋಡ್ ಸೇರಿಸಿದರೆ 208 ಎದುರು 273.

ಶಾಟ್‌ಗನ್‌ಗೆ ಇದು ಇನ್ನೂ ಕೆಟ್ಟದ್ದು. ಕಾರ್ಡಿನ 120 ಎಂಟು ಪೆಲೆಟ್‌ಗೆ (ಒಂದೇ ಹೊಡೆತದಲ್ಲಿ ಚದುರುವ ಚಿಕ್ಕ ಗುಂಡು) ಹಂಚಿಹೋಗಿ, ಒಂದೊಂದು 15ಕ್ಕೂ ಈ ಸೂತ್ರ ಬಿದ್ದರೆ, 120 ರೆಸಿಸ್ಟೆನ್ಸ್ ಎದುರು ಎಂಟೂ ತಗುಲಿದರೂ ಸಿಗುವುದು 28. ಒಂದೇ ಗುಂಡಾಗಿದ್ದರೆ 60.

ಮದ್ದಿನಮನೆ:
ಬಹಳ ಉಪಕಾರ ಆಯಿತು. ನನ್ನ ಆಟದಲ್ಲಿ ಯಾವ ಬೋನಸ್ ಯಾವ ಗುಂಪು ಅಂತ ಎಲ್ಲೂ ಬರೆದಿಲ್ಲ. ಕಂಡುಹಿಡಿಯೋದು ಹೇಗೆ?

ಗುಣಾಕಾರ:
ಎಲ್ಲ ಗೇರ್ ಬಿಚ್ಚಿ, ಹತ್ತಿರದಿಂದ ಒಂದೇ ಗುರಿಯ ಎದೆಗೆ ಹೊಡೆದು, ಕ್ರಿಟ್ ಅಲ್ಲದ ಅಂಕಿ ಬರೆದುಕೊಳ್ಳಿ. ಅದು 1,000 ಎಂದುಕೊಳ್ಳೋಣ. 20%ರ ಒಂದು ಬೋನಸ್ ಮಾತ್ರ ಹಾಕಿ: 1,200. ಅದನ್ನು ತೆಗೆದು ಇನ್ನೊಂದು 20% ಹಾಕಿ: 1,200. ಈಗ ಎರಡೂ ಹಾಕಿ. 1,400 ಬಂದರೆ ಒಂದೇ ಗುಂಪು, 1,440 ಬಂದರೆ ಬೇರೆ ಬೇರೆ. ಸಣ್ಣ ಡ್ಯಾಮೇಜಿನ ಗನ್ ಬೇಡ: ಮೂಲ ಅಂಕಿ 12 ಇದ್ದರೆ 16.8, 17.28 ಎರಡನ್ನೂ ಆಟ 17 ಎಂದೇ ತೋರಿಸೀತು.

ಅಂಕಿ ಕೆಡಿಸುವುದು ಸಾಮಾನ್ಯವಾಗಿ ಮೂರು: ದೂರ ಹೆಚ್ಚಾಗಿ ಡ್ಯಾಮೇಜ್ ಇಳಿಯುವುದು, ಸದ್ದಿಲ್ಲದೆ ಏರುವ ಬಫ್ (ನಿಮ್ಮ ಬಲ ಹೆಚ್ಚಿಸುವ ಪರಿಣಾಮ), ಗುರಿಯ ಮೇಲೆ ಉಳಿದ ಡಿಬಫ್ (ಅದನ್ನು ದುರ್ಬಲಗೊಳಿಸುವ ಪರಿಣಾಮ). ಬಾರ್ಡರ್‌ಲ್ಯಾಂಡ್ಸ್ 2ರಲ್ಲಿ ಸ್ಲ್ಯಾಗ್ ಎಂಬ ಡಿಬಫ್ ಅಂಟಿದವನಿಗೆ ಬೇರೆ ಗನ್ನಿನ ಏಟು ಎರಡು ಪಟ್ಟು, ಅಲ್ಟಿಮೇಟ್ ವಾಲ್ಟ್ ಹಂಟರ್ ಮೋಡಿನಲ್ಲಿ ಮೂರು ಪಟ್ಟು. ಅಂಥ ಗುರಿಯ ಮೇಲೆ ಅಳೆದರೆ ಇಡೀ ಪಟ್ಟಿ ಹಾಳು.

ಹತ್ತನೇಗುಂಡು:
ನಿಮಿಷಕ್ಕೆ ಎಷ್ಟು ಗುಂಡು ಹಾರುತ್ತದೆ ಎನ್ನುವುದನ್ನೂ ಅಳೆಯಿರಿ. ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಬಂದಾಗ ಮಾತ್ರ ಗುಂಡು ಬಿಡುವ, ಉಳಿದ ಸಮಯವನ್ನು ಮುಂದಿನ ಗುಂಡಿಗೆ ಸೇರಿಸದ ಆಟದಲ್ಲಿ 850 ಎಂದು ಬರೆದ ಗನ್ ಸೆಕೆಂಡಿಗೆ 60 ಫ್ರೇಮ್ ಇದ್ದಾಗ ನಿಮಿಷಕ್ಕೆ 720 ಮಾತ್ರ ಹಾರಿಸುತ್ತದೆ: 4.2 ಫ್ರೇಮ್ ಕಾಯಬೇಕಾದಲ್ಲಿ 5 ಕಾಯುತ್ತದೆ. ವಿಡಿಯೋ ರೆಕಾರ್ಡ್ ಮಾಡಿ, ಮೊದಲ ಗುಂಡಿನಿಂದ ಕೊನೆಯ ಗುಂಡಿನವರೆಗಿನ ಸಮಯವನ್ನು ಗುಂಡುಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಿ. ರೀಲೋಡನ್ನೂ ಅದೇ ವಿಡಿಯೋದಲ್ಲಿ ನೋಡಿಕೊಳ್ಳಿ. ಕೈ ಆಡುವುದು ಮುಗಿಯುವ ಮೊದಲೇ ಗುಂಡಿನ ಅಂಕಿ ತುಂಬಿದರೆ, ಆ ಕ್ಷಣದಲ್ಲಿ ಓಡಿಯೋ ಗನ್ ಬದಲಿಸಿಯೋ ಉಳಿದ ಅನಿಮೇಷನ್ ಕತ್ತರಿಸಬಹುದು.